ಮಗಳ ಕೈ ಊಟ

ಚೋರನೂರಿನ ಉಚ್ಚೆಂಗಪ್ಪ ದೋಣಿಮಲೈಯಲ್ಲಿರುವ ಮಗಳ ಮನೆಗೆ ಹೊರಟನೆಂದರೆ ಹೆಗಲ ಚೀಲದಲ್ಲಿ ಬುತ್ತಿ ಇರಲೇಬೇಕು. ಜೋಳದ ರೊಟ್ಟಿ, ಒಂದು ಪೊಟ್ಟಣ ಶೇಂಗಾ ಚಟ್ನಿಪುಡಿ, ಮೇಲೊಂದು ಉಳ್ಳಾಗಡ್ಡಿ. ದಾರಿಗೆ ಬುತ್ತಿ ಕಟ್ಟಿಕೊಳ್ಳುವವರನ್ನು ನೋಡಿ ಯಾರೂ ನಗುವುದಿಲ್ಲ. ಆದರೆ ಈ ಮನುಷ್ಯ ದಾರಿಯಲ್ಲಿ ಅದನ್ನು ಮುಟ್ಟುತ್ತಿರಲಿಲ್ಲ. ಮಗಳ ಮನೆ ತಲುಪಿ, ಮಗಳ ಪಡಸಾಲೆಯಲ್ಲಿ ಚಕ್ಕಳಬಕ್ಕಳ ಹಾಕಿ ಕುಳಿತು, ಮಗಳ ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ ಬಿಚ್ಚುತ್ತಿದ್ದ. ನೋಡಿದವರು ನಗಬೇಕೋ ಬೈಯಬೇಕೋ ತಿಳಿಯದೆ ಸುಮ್ಮನಾಗುತ್ತಿದ್ದರು.

ಅವನ ಮನೆತನದ ಕಟ್ಟು ಅದು. ಹೆಣ್ಣು ಕೊಟ್ಟ ಮನೆಯಲ್ಲಿ ತಂದೆಯಾದವನು ಉಣ್ಣುವುದು ಮಗಳು ಹಡೆದ ಮೇಲೆಯೇ. ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಮೊದಲ ತುತ್ತು ಎತ್ತಬೇಕು. ಅಲ್ಲಿಯವರೆಗೆ ಆ ಮನೆಯ ಅಗುಳೂ ಬಾಯಿಗೆ ಸೇರಬಾರದು. ಅವನಪ್ಪ ಹಾಗೇ ನಡೆದುಕೊಂಡಿದ್ದ, ಅಜ್ಜನೂ ಹಾಗೇ. ಅವರಿಗೇನು, ಮದುವೆಯಾದ ವರ್ಷದೊಳಗೆ ಮೊಮ್ಮಕ್ಕಳು ಬಂದು ತೊಡೆ ಒದ್ದೆ ಮಾಡಿದ್ದವು. ಕಟ್ಟು ಎಷ್ಟು ಬಿಗಿಯೆಂದು ಅವರಿಗೆ ತಿಳಿಯುವ ಸಂದರ್ಭವೇ ಬಂದಿರಲಿಲ್ಲ.

ಅಳಿಯನದು ಗಣಿ ಕಂಪನಿ ಕೊಟ್ಟ ಮನೆ. ನೀರಿನ ಪ್ರಶ್ನೆಯನ್ನು ಉಚ್ಚೆಂಗಪ್ಪ ತಾನೇ ಬಗೆಹರಿಸಿಕೊಂಡಿದ್ದ. "ನಲ್ಲಿ ನೀರು ಕಂಪನೀದು, ಅಳಿಯಂದಲ್ಲ" ಎಂದು ತೀರ್ಪು ಕೊಟ್ಟು, ಮಗಳು ಚೊಂಬು ಹಿಡಿದು ನಿಂತಿದ್ದರೂ ಹಿತ್ತಲ ನಲ್ಲಿಗೆ ಹೋಗಿ ಬೊಗಸೆಯಲ್ಲಿ ಕುಡಿದು ಬರುತ್ತಿದ್ದ. ಹೆಂಡತಿ ಚೆನ್ನಬಸಮ್ಮನಿಗೆ ಈ ರಗಳೆ ಇರಲಿಲ್ಲ. "ಧಾರಿ ಎರೆದವ್ರು ನೀವು, ನಿಮ್ ಕಟ್ಟು ನಿಮಗ. ನಾ ಹೊತ್ತು ಹಡದಾಕಿ, ನಾ ಉಣ್ತೀನಿ" ಎಂದು ಮಗಳ ಮನೆಯಲ್ಲಿ ಕಾಲು ಚಾಚಿ ಕುಳಿತು ಎರಡೆರಡು ಸಲ ಬಡಿಸಿಕೊಳ್ಳುತ್ತಿದ್ದಳು.

ಮಗಳು ಭಾಗ್ಯ ಮೊದಮೊದಲು ಇದನ್ನು ತಮಾಷೆಯಾಗಿಯೇ ತೆಗೆದುಕೊಂಡಳು. ಗಂಡ ಹೊನ್ನೂರುಸ್ವಾಮಿ ಗಣಿಯಲ್ಲಿ ಡಂಪರ್ ಓಡಿಸುವವನು. ಮಾವ ಬಂದರೆ "ಬರ್ರಿ ಮಾವ, ಕುಂದರ್ರಿ" ಎಂದು ಕುರ್ಚಿ ಎಳೆದು ಹಾಕಿ, ಉಳಿದದ್ದನ್ನು ಅಪ್ಪ ಮಗಳಿಗೆ ಬಿಟ್ಟುಬಿಡುವ ಜಾಣ. ಅಪ್ಪ ಬರುವ ಸುದ್ದಿ ಸಿಕ್ಕಿದ ದಿನ ಭಾಗ್ಯ ಬೇಕೆಂದೇ ಅವನಿಗಿಷ್ಟವಾದದ್ದನ್ನು ಮಾಡುತ್ತಿದ್ದಳು. ಬದನೆಕಾಯಿ ಎಣ್ಣೆಗಾಯಿ, ಇಲ್ಲವೇ ಮಡಕೆಕಾಳಿನ ಪಲ್ಯ. ಅಡುಗೆಮನೆಯ ಬಾಗಿಲು ಅಗಲವಾಗಿ ತೆರೆದಿಟ್ಟು ಒಗ್ಗರಣೆ ಹಾಕುತ್ತಿದ್ದಳು. ಅಪ್ಪನ ಬಾಯಲ್ಲಿ ನೀರೂರುತ್ತಿತ್ತು, ಕೈ ಮಾತ್ರ ಚೀಲದ ಕಡೆಗೇ ಹೋಗುತ್ತಿತ್ತು.

"ಮೂಗಿಗೆ ಕಟ್ಟಿಲ್ಲೇನಪ್ಪ?" ಎಂದು ಅವಳು ಕೇಳಿದರೆ, "ಮೂಗಿಗಿಲ್ಲವ್ವ, ಬಾಯಿಗಷ್ಟ ಐತಿ" ಎಂದು ನಗುತ್ತಿದ್ದ.

ಕ್ವಾರ್ಟರ್ಸಿನ ಹಿತ್ತಲಲ್ಲಿ ಏನನ್ನೂ ಬೆಳೆಯುವಂತಿರಲಿಲ್ಲ. ಗುಡ್ಡದ ಮಂಗಗಳಿಗೆ ಕಾಯಿ ಹಣ್ಣೆಂಬ ಭೇದವಿಲ್ಲ. ಗಿಡವನ್ನೇ ಕಿತ್ತು, ಬೇರು ಮೂಸಿ ನೋಡಿ, ಇದೂ ಒಂದು ಅಡುಗೆಯೇ ಎಂಬಂತೆ ಎಸೆದು ಹೋಗುತ್ತಿದ್ದವು. ಭಾಗ್ಯ ಫೋನಿನಲ್ಲಿ ಯಾವುದೋ ವಿಡಿಯೊ ನೋಡಿ ಬೇಸಾಯವನ್ನು ಮನೆಯೊಳಕ್ಕೇ ತಂದಳು. ಅಡುಗೆಮನೆಯಲ್ಲಿ ಪೂರ್ವಕ್ಕೊಂದು ಕಿಟಕಿಯಿತ್ತು, ಅದಕ್ಕೆ ಜಾಳಿಗೆ ಹೊಡೆಸಿದಳು. ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಹಣ್ಣಿನಂಗಡಿಯ ಪ್ಲಾಸ್ಟಿಕ್ ಟ್ರೇ, ಉದ್ದಕ್ಕೆ ಸೀಳಿದ ಎಣ್ಣೆ ಡಬ್ಬಿ, ಸೀಳು ಬಿಟ್ಟ ಒಂದು ಬಕೆಟ್ಟು ಇಟ್ಟು, ಅಂಗಡಿಯಿಂದ ತಂದ ತೆಂಗಿನ ನಾರಿನ ಪುಡಿ ತುಂಬಿ, ಮೆಂತ್ಯ ಚೆಲ್ಲಿದಳು. ಮೆಂತ್ಯವೇನೋ ಎದ್ದಿತು, ಜ್ವರದಿಂದ ಎದ್ದವರ ಹಾಗೆ ಬಡಕಲಾಗಿ ಎದ್ದಿತು.

ಉಚ್ಚೆಂಗಪ್ಪ ಬಂದವನು ಆ ಪುಡಿಯನ್ನು ಚಿಟಿಕೆಯಲ್ಲಿ ತೆಗೆದು ನೋಡಿದ. "ಇದು ಮಣ್ಣಲ್ಲವ್ವ. ಹಾಸಿಗಿ ತುಂಬಾಕ ಚಲೋ ಐತಿ" ಎಂದ. ಮುಂದಿನ ಸಲ ಬರುವಾಗ ಗೊಬ್ಬರದ ಚೀಲದಲ್ಲಿ ಹೊಲದ ಮಣ್ಣು ಹೊತ್ತು ತಂದ, ಒಣಗಿದ ಸಗಣಿ ಪುಡಿ ತಂದ, ಮನೆಯಲ್ಲಿ ಕಟ್ಟಿಟ್ಟಿದ್ದ ಮೆಂತ್ಯದ ಬೀಜ ತಂದ. ಬಸ್ಸಿನ ಕಂಡಕ್ಟರ್ ಮಣ್ಣಿಗೂ ಟಿಕೆಟ್ ಕೇಳಿದನೆಂದು ದಾರಿಯುದ್ದಕ್ಕೂ ಜಗಳವಾಡಿಕೊಂಡು ಬಂದಿದ್ದ. ಬಂದವನೇ ಅಂಗಿಯ ತೋಳು ಮಡಚಿ ಕುಳಿತು, ಟ್ರೇಗಳಲ್ಲಿ ಮಣ್ಣು ಹರಡಿ, ತನ್ನ ಕೈಯಾರೆ ಬಿತ್ತಿ ಹೋದ.

ಮತ್ತೆ ಬರುವಷ್ಟರಲ್ಲಿ ಮೆಂತ್ಯ ಕಟ್ಟೆಯ ತುಂಬ ದಟ್ಟವಾಗಿ ನಿಂತಿತ್ತು. ಅವನು ಎಂದಿನಂತೆ ರೊಟ್ಟಿ ಬಿಚ್ಚಿದ. ಭಾಗ್ಯ ಟ್ರೇಯನ್ನೇ ಎತ್ತಿ ತಂದು ಅವನ ಮುಂದಿಟ್ಟಳು.

"ಅಪ್ಪಾ, ಈ ಮಣ್ಣು ಯಾರ್ದು?"

"ನಂದು."

"ಬೀಜ?"

"ನಂದ."

"ಬಿತ್ತಿದ್ದು?"

"ನಾನ. ಯಾಕವ್ವ?"

"ನೀರು ಹೆಂಗೂ ಕಂಪನೀದು. ಹಂಗಾದ್ರ ಈ ಬೆಳಿ ಯಾರ್ದು ಹೇಳು."

ಉಚ್ಚೆಂಗಪ್ಪ ಮಗಳ ಜಾಣತನಕ್ಕೆ ಒಳಗೊಳಗೇ ಹಿಗ್ಗಿದ. ತಾನೇ ಎರಡು ಹಿಡಿ ಕಿತ್ತು, ಕೊಡವಿ, ನಲ್ಲಿಯಲ್ಲಿ ತೊಳೆದು ತಂದು, ಹಸಿ ಸೊಪ್ಪನ್ನು ಚಟ್ನಿಪುಡಿಯೊಂದಿಗೆ ರೊಟ್ಟಿಯಲ್ಲಿ ಸುತ್ತಿ ಕಚ್ಚಿದ. ಅವನು ಕರುಂ ಕರುಂ ಎಂದು ಅಗಿಯುವುದನ್ನು ಭಾಗ್ಯ ಎದುರಿಗೆ ಕುಳಿತು ಗಲ್ಲಕ್ಕೆ ಕೈಕೊಟ್ಟು ನೋಡಿದಳು. ಅಪ್ಪ ತನ್ನ ಮನೆಯಲ್ಲಿ ತಿಂದದ್ದೇ ಅವಳಿಗೆ ಹಬ್ಬವಾಯಿತು.

ಹೀಗೆ ಉಚ್ಚೆಂಗಪ್ಪ ಮಗಳ ಅಡುಗೆಮನೆಯಲ್ಲಿ ಹೊಲ ಮಾಡಿದ. ಬಂದಾಗಲೆಲ್ಲ ಒಂದಿಷ್ಟು ಬಿತ್ತುವುದು, ಬೆಳೆದದ್ದನ್ನು ಕೊಯ್ದು ತಿನ್ನುವುದು. ಕೊತ್ತಂಬರಿ ಬಂತು, ಉಳ್ಳಾಗಡ್ಡಿ ತಪ್ಪಲು ಬಂತು, ಬಕೆಟ್ಟಿನಲ್ಲಿ ಮೆಣಸಿನ ಗಿಡ ನಿಂತಿತು. ಊರಿನ ಹೊಲದಲ್ಲಿ ಎಕರೆಗಟ್ಟಲೆ ಜೋಳ ನಿಂತಿದ್ದರೂ ಫೋನಿನಲ್ಲಿ ಅವನು ವಿಚಾರಿಸುತ್ತಿದ್ದದ್ದು ಆ ಟ್ರೇಗಳನ್ನೇ. ಒಮ್ಮೆ ಭಾಗ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು.

"ಎಣ್ಣಿ ನಿನ್ ಶೇಂಗಾದ್ದ ತಗೊಂಬಾ. ಬ್ಯಾಳಿನೂ ನಿಂದ ತಗೊಂಬಾ. ಈ ಮೆಂತ್ಯ ಹಾಕಿ ಪಪ್ಪು ಮಾಡಿಕೊಡ್ತೀನಿ. ಆವಾಗೇನಂತಿ?"

"ಎಲ್ಲಾ ನಂದ ಆದ್ರೂ, ಕೈ ನಿಂದಲ್ಲೇನವ್ವ?"

"ನನ್ ಕೈಗೇನಾಗೈತಪ್ಪ?"

"ಏನೂ ಆಗಿಲ್ಲ. ಆ ಕೈಯಾಗ ಒಂದು ಕೂಸು ಬರ್ಲಿ. ಮರುದಿನನ ಬಂದು ಕುಂದರ್ತೀನಿ. ನೀ ಸಾಕಪ್ಪ ಅನ್ನೋತನಕ ಉಣ್ತೀನಿ."

ಅದು ಆಶೀರ್ವಾದವೆಂದೇ ಅವನು ತಿಳಿದಿದ್ದ. ಮಾತು ಬಾಯಿಗೆ ಹಿತವಾಗಿ ಕುಳಿತಿತು. ಅಂದಿನಿಂದ ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಪ್ರತಿ ಸಲವೂ ಅದನ್ನೇ ಹೇಳತೊಡಗಿದ. ಭಾಗ್ಯ ಮೊದಲು ನಾಚುತ್ತಿದ್ದಳು, ಆಮೇಲೆ ನಗುತ್ತಿದ್ದಳು, ಕೊನೆಗೆ ಬರೀ ಹೂಂಗುಡುತ್ತಿದ್ದಳು. ಅವಳ ಹೂಂ ತೆಳ್ಳಗಾಗುತ್ತ ಹೋದದ್ದನ್ನು ಅವನು ಗಮನಿಸಲಿಲ್ಲ. ಹೊಲದಲ್ಲಿ ಎಲೆ ತುಸು ಹಳದಿಯಾದರೆ ದೂರದಿಂದಲೇ ಗುರುತಿಸುವ ಕಣ್ಣು ಅದು. ಮಗಳ ಮುಖದ ಮುಂದೆ ಕುರುಡಾಗಿತ್ತು.

ವರ್ಷಗಳು ಉರುಳಿದವು. ಗಂಡಹೆಂಡತಿ ಹೊಸಪೇಟೆಯ ಆಸ್ಪತ್ರೆಗೆ ಅಲೆದರು. ಸೂಜಿ, ಮಾತ್ರೆ, ಸ್ಕ್ಯಾನು. ತಂದೆಯಾದವನು ಇಂಥದ್ದನ್ನು ಮಗಳನ್ನು ಕೇಳುವಂತಿಲ್ಲ. ಚೆನ್ನಬಸಮ್ಮ ಹೇಳಿದಷ್ಟು ಅವನಿಗೆ ಗೊತ್ತು. ಒಂದು ಸಲ ಬಸುರು ನಿಂತಿತು. ಮನೆಯವರೆಲ್ಲ ಉಸಿರು ಬಿಗಿಹಿಡಿದು ಕಾಯುತ್ತಿರುವಾಗಲೇ ಇಳಿದುಹೋಯಿತು. ಚೆನ್ನಬಸಮ್ಮ ಹೋಗಿ ಮಗಳ ಬಾಣಂತನವಲ್ಲದ ಬಾಣಂತನ ಮಾಡಿ ಬಂದಳು. ಅವಳು ವಾಪಸ್ಸಾದ ಮೇಲೆ ಉಚ್ಚೆಂಗಪ್ಪ ಹೋದ, ಬುತ್ತಿ ಕಟ್ಟಿಕೊಂಡೇ ಹೋದ.

ಅಂದು ಎಣ್ಣೆಗಾಯಿ ಇರಲಿಲ್ಲ, ಬಾಗಿಲು ತೆರೆದಿಟ್ಟು ಹಾಕಿದ ಒಗ್ಗರಣೆಯೂ ಇರಲಿಲ್ಲ. ಭಾಗ್ಯ ಅನ್ನ ಮತ್ತು ಬರೀ ತಿಳಿಸಾರು ಮಾಡಿ, ಒಂದು ತಟ್ಟೆ ಅಪ್ಪನ ಮುಂದೆ, ಒಂದು ತನ್ನ ಮುಂದೆ ಇಟ್ಟುಕೊಂಡು ಕುಳಿತಳು.

"ಅಪ್ಪಾ, ಇವತ್ತೊಂದಿನ ಉಣ್ಣು. ಇವ್ರು ಶಿಫ್ಟಿಗೆ ಹೋಗ್ಯಾರ. ಒಬ್ಬಾಕಿಗೇ ತುತ್ತು ಇಳೀವಲ್ದು."

ಉಣ್ಣಬೇಕೆಂದು ಅವನಿಗೂ ಅನಿಸಿತು. ತಟ್ಟೆಯ ಕಡೆ ಕೈ ಅಲುಗಿತು ಕೂಡ. ಅಷ್ಟರಲ್ಲಿ ಭಯ ಹಿಡಿಯಿತು. ಈಗಷ್ಟೇ ಒಂದು ಕೈತಪ್ಪಿ ಹೋಗಿದೆ, ಇಂಥ ಹೊತ್ತಿನಲ್ಲಿ ತಾನು ಕಟ್ಟು ಮುರಿದರೆ, ಮುಂದೆ ಬರುವುದೂ ಬಾಗಿಲಿನಿಂದಲೇ ತಿರುಗಿ ಹೋದರೆ? ಮಗಳ ಮೇಲಿನ ಜೀವವೇ ಅವನ ಕೈ ಹಿಡಿಯಿತು. ಪ್ರೀತಿ ಕೂಡ ಕೆಲವು ಸಲ ಎಂಥ ದಡ್ಡ ಕೆಲಸ ಮಾಡಿಸುತ್ತದೆ ನೋಡಿ.

"ಬ್ಯಾಡವ್ವ. ನಿನ್ ಒಳ್ಳೇದಕ್ಕ ಅಂತಾನ ಅಂದ್ಕೋ" ಎಂದ.

ಅವಳು ಎರಡನೆಯ ಸಲ ಕೇಳಲಿಲ್ಲ. ಅವನೆದ್ದು ಟ್ರೇಯಿಂದ ಮೆಂತ್ಯ ಕಿತ್ತುಕೊಂಡು, ತನ್ನ ರೊಟ್ಟಿ ತಾನು ತಿಂದ. ಹಸಿ ಸೊಪ್ಪು ಅಗಿಯುವ ಸದ್ದು ಆ ಸುಮ್ಮನಿದ್ದ ಮನೆಯಲ್ಲಿ ಅವನಿಗೇ ಜೋರಾಗಿ ಕೇಳಿಸಿತು. ಭಾಗ್ಯ ಎರಡೂ ತಟ್ಟೆಯ ಅನ್ನವನ್ನು ಪಾತ್ರೆಗೆ ಸುರಿದು ಮುಚ್ಚಳ ಹಾಕಿದಳು. ಬಸ್ಸಿಗೆ ಹೊತ್ತಾಯಿತೆಂದು ಅವನು ಬೇಗ ಎದ್ದ. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ, ರೂಢಿ ಎಂಬುದು ನಾಲಗೆಗೆ ಹತ್ತಿದ ಕಾಯಿಲೆಯಲ್ಲವೇ, "ಆ ಕೈಯಾಗ ಒಂದು ಕೂಸು ಬರ್ಲಿ ತಡಿಯವ್ವ" ಎಂದುಬಿಟ್ಟ. ಅಂದು ಅದನ್ನು ಹೇಳಬಾರದಿತ್ತು. ಬೀದಿಯ ತಿರುವು ದಾಟುವುದರೊಳಗೇ ಅದು ಅವನಿಗೆ ತಿಳಿಯಿತು, ಆದರೆ ವಾಪಸ್ಸು ಹೋಗಿ ಏನೆಂದು ಹೇಳುವುದು?

ಆಮೇಲೆ ಭಾಗ್ಯ ಉಣ್ಣೆಂದು ಕರೆಯಲೇ ಇಲ್ಲ. ಅವನು ಬಂದರೆ ಖಾಲಿ ತಟ್ಟೆ ಇಡುತ್ತಿದ್ದಳು, ಕತ್ತರಿ ಕೊಡುತ್ತಿದ್ದಳು, ಅವನು ಕೊಯ್ದು ತಿನ್ನುವವರೆಗೆ ಬಟ್ಟೆ ಮಡಚುತ್ತಿದ್ದಳು. ಟ್ರೇಗಳಿಗೆ ಮಾತ್ರ ಒಂದು ದಿನವೂ ನೀರು ತಪ್ಪಿಸಲಿಲ್ಲ. ಅಪ್ಪ ಮಗಳ ಹಗ್ಗಜಗ್ಗಾಟದಲ್ಲಿ ಉಚ್ಚೆಂಗಪ್ಪ ಗೆದ್ದಿದ್ದ. ಗೆದ್ದ ದಿನದಿಂದ ಆ ಮನೆಯಲ್ಲಿ ರೊಟ್ಟಿ ಅವನಿಗೆ ರುಚಿಸದಾಯಿತು.

ಈ ಸಲದ ಚಳಿಗಾಲದ ಕೊನೆಗೆ ಅವನು ಸಂಡೂರಿನ ಸಂತೆಗೆ ಹೋಗಿದ್ದಾಗ ಅಳಿಯ ಎದುರಾದ. ಹೊನ್ನೂರುಸ್ವಾಮಿ ಮಾವನನ್ನು ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿಗೆ ಕರೆದೊಯ್ದು ಮಿರ್ಚಿ, ಚಾ ಹೇಳಿದ. ಮಿರ್ಚಿ ಆರಿ ತಣ್ಣಗಾದರೂ ಮುಟ್ಟಲಿಲ್ಲ.

"ಮಾವ, ಡಾಕ್ಟರಮ್ಮ ನನ್ನೊಬ್ಬನ್ನ ಕರೆಸಿದ್ರು. ಇನ್ನ ಬ್ಯಾಡ, ಬಿಟ್ಬಿಡ್ರಿ ಅಂದ್ರು. ಎಷ್ಟು ಸೂಜಿ ಚುಚ್ಚಿದ್ರೂ ಆಗಂಗಿಲ್ಲಂತ."

ಉಚ್ಚೆಂಗಪ್ಪ ಚಾದ ಲೋಟ ಕೆಳಗಿಟ್ಟ. "ಭಾಗ್ಯಾಗ ಗೊತ್ತೈತಾ?" ಎಂದ.

"ಇಲ್ರಿ. ಡಾಕ್ಟರಮ್ಮ ರಜಾದಾಗ ಅದಾರ ಅಂತ ಸುಳ್ಳು ಹೇಳೀನಿ. ಆಕಿ ಭಾಳ ಆಸೆ ಇಟ್ಕೊಂಡಾಳ. ಉಗಾದಿ ಮುಗೀಲಿ, ಸಮಾಧಾನದಾಗ ನಾನ ಹೇಳ್ತೀನಿ. ನೀವು ಮಾತ್ರ ಬಾಯಿ ಬಿಡಬ್ಯಾಡ್ರಿ."

"ಬಿಡಂಗಿಲ್ಲ ಸ್ವಾಮಿ. ನನ್ ಬಾಯಿಂದ ಒಂದು ಮಾತು ಹೊರಗ ಬರಂಗಿಲ್ಲ."

ಮನೆಗೆ ಬಂದವನಿಗೆ ನಿದ್ದೆ ಊಟ ಎರಡೂ ಸೇರಲಿಲ್ಲ. ಕೂಸೇ ಬರುವುದಿಲ್ಲವೆಂದಾದರೆ ಕಟ್ಟಿನ ಗತಿ ಏನು? ಅಪ್ಪನೂ ಅಜ್ಜನೂ ಅದಕ್ಕೆ ಉತ್ತರ ಇಟ್ಟು ಹೋಗಿರಲಿಲ್ಲ. ಹಾಗಾದರೆ ಸಾಯುವ ತನಕ ಮಗಳ ಮನೆಯಲ್ಲಿ ಪರದೇಶಿಯಂತೆ ಬುತ್ತಿ ಬಿಚ್ಚಬೇಕೇ? ತಿಳಿಸಾರಿನ ಆ ತಟ್ಟೆ ಮತ್ತೆ ಮತ್ತೆ ಕಣ್ಣ ಮುಂದೆ ಬಂತು. ಅವಳು ಬಾಯಿಬಿಟ್ಟು ಬೇಡಿದ್ದಳಲ್ಲ, ತಾನು ಮೆಂತ್ಯ ಅಗಿಯುತ್ತ ಕುಳಿತಿದ್ದೆನಲ್ಲ ಎಂದು ನೆನೆದು ನಾಚಿಕೆಯಿಂದ ಕುಗ್ಗಿದ. ಇನ್ನು ಸಾಕು, ಹೋಗಿ ಹೊಟ್ಟೆ ತುಂಬ ಉಂಡು ಬರುತ್ತೇನೆ, ಅವಳ ಆ ಒಂದು ಆಸೆಯಾದರೂ ತೀರಲಿ ಎಂದು ನಿರ್ಧರಿಸಿದ. ಚೆನ್ನಬಸಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಆಕೆ ಒಂದೇ ಮಾತಿನಲ್ಲಿ ತಡೆಯುತ್ತಿದ್ದಳು. ಗಂಡಸರ ಬುದ್ಧಿ ಕೈಕೊಡುವುದು ಹೆಚ್ಚಾಗಿ ಅವರು ಒಳ್ಳೆಯ ಕೆಲಸಕ್ಕೆ ಹೊರಟಾಗಲೇ.

ಹೊರಡುವಾಗ ಚೆನ್ನಬಸಮ್ಮ "ಬುತ್ತಿ?" ಎಂದಳು. "ಸಂಡೂರಾಗ ಏನಾರ ತಿಂತೀನಿ ಬಿಡು" ಎಂದು ಖಾಲಿ ಹೆಗಲಲ್ಲಿ ನಡೆದ.

ದೋಣಿಮಲೈ ತಲುಪಿದಾಗ ಹೊನ್ನೂರುಸ್ವಾಮಿ ಕೆಲಸಕ್ಕೆ ಹೋಗಿದ್ದ. ಭಾಗ್ಯ ಬೇಳೆ ಬೇಯಿಸಲು ಇಟ್ಟಿದ್ದಳು. ಅಪ್ಪನನ್ನು ಕಂಡು ಖಾಲಿ ತಟ್ಟೆ ತರಲು ಹೊರಟವಳು ಅವನ ಹೆಗಲು ನೋಡಿ ನಿಂತಳು.

"ಚೀಲ ಎಲ್ಲಪ್ಪ? ಬಸ್ಸಿನ್ಯಾಗ ಮರ್ತ್ಯಾ?"

"ಮರ್ತಿಲ್ಲ. ತಂದಿಲ್ಲ. ಇವತ್ತು ನಿನ್ ಕೈ ಊಟ."

"ಸುಮ್ನಿರಪ್ಪ, ಚಾಷ್ಟಿ ಮಾಡ್ತಿ."

"ಖರೇ ಅಂದೆ. ಏನ್ ಮಾಡ್ತಿ ಮಾಡು, ಉಣ್ತೀನಿ."

ಭಾಗ್ಯಳ ಮುಖ ಅರಳಿದ್ದನ್ನು ಅವನು ಎಷ್ಟು ವರ್ಷಗಳಿಂದ ನೋಡಿರಲಿಲ್ಲ! ಅವಳು ಒಮ್ಮೆಗೇ ಹತ್ತು ಕೆಲಸಕ್ಕೆ ಕೈ ಹಾಕಿದಳು. ಟ್ರೇಯಿಂದ ಮೆಂತ್ಯ ಕೊಯ್ದು ಸೋಸಿದಳು, ಬಕೆಟ್ಟಿನ ಗಿಡದಿಂದ ಮೆಣಸಿನಕಾಯಿ ಕಿತ್ತು ಸೀಳಿದಳು, ಅನ್ನಕ್ಕೆ ಇನ್ನೊಂದು ಹಿಡಿ ಅಕ್ಕಿ ಸೇರಿಸಿದಳು. "ಪಪ್ಪು ಮಾಡ್ತೀನಿ. ಖಾರ ಮುಂದ ಮಾಡ್ಲಾ? ಅವ್ವಗ ಫೋನ್ ಹಚ್ತೀನಿ ತಡಿ. ಬ್ಯಾಡ, ಉಂಡ ಮ್ಯಾಲ ಹಚ್ತೀನಿ, ಈಗ ಹೇಳಿದ್ರ ನಂಬಂಗಿಲ್ಲ ಆಕಿ." ಉಚ್ಚೆಂಗಪ್ಪ ಅಡುಗೆಮನೆಯ ಹೊಸ್ತಿಲ ಬಳಿ ಕುಳಿತು ಕಣ್ತುಂಬ ನೋಡಿದ. ಇಷ್ಟು ಸುಲಭವಿತ್ತಲ್ಲ, ಇದನ್ನು ಯಾಕೆ ಇಷ್ಟು ವರ್ಷ ಮಾಡಲಿಲ್ಲ ಎಂದು ತನ್ನನ್ನು ತಾನೇ ಬೈದುಕೊಂಡ.

ಬೆಂದ ಬೇಳೆಗೆ ಸೊಪ್ಪು ಬಿತ್ತು. ಸಣ್ಣ ಬಾಣಲೆಯಲ್ಲಿ ಎಣ್ಣೆ ಕಾಯಿತು, ಸಾಸಿವೆ ಸಿಡಿಯಿತು. ಭಾಗ್ಯ ಜಜ್ಜಿದ ಬೆಳ್ಳುಳ್ಳಿ ಹಾಕಿ, ಸೊಂಟಕ್ಕೆ ಕೈಯಿಟ್ಟು ಅವನ ಕಡೆ ತಿರುಗಿ ನಕ್ಕಳು.

"ಕೂಸು ಬರ್ಲಿ, ಕೂಸು ಬರ್ಲಿ ಅಂತಿದ್ದೆಲ್ಲಪ್ಪ. ಈಗೇನಾತು?"

ಏನಾದರೊಂದು ಸುಳ್ಳು ತಯಾರಿಟ್ಟುಕೊಂಡು ಬರಬೇಕಿತ್ತು, ಬಂದಿರಲಿಲ್ಲ. ಅವನಿಗೆ ತೋಚಿದ್ದು ಒಂದೇ ಮಾತು, ಅದೂ ಬಹಳ ಚಂದದ ಮಾತೆಂದು ಅನಿಸಿತು.

"ಬ್ಯಾರೆ ಕೂಸು ಯಾಕವ್ವ? ನೀನ ನನ್ ಕೂಸಲ್ಲೇನು."

ಅವಳ ನಗು ಹಾಗೇ ನಿಂತಿತು. ಮುಖದ ಮೇಲಿತ್ತು, ಆದರೆ ಅದರ ಹಿಂದೆ ಅವಳಿರಲಿಲ್ಲ.

"ಅಪ್ಪಾ, ಇವ್ರು ಸಿಕ್ಕಿದ್ರಾ ನಿನಗ?"

"ಯಾರು? ಇಲ್ಲವ್ವ."

"ಡಾಕ್ಟರಮ್ಮ ರಜಾದಾಗ ಇಲ್ಲ. ಅಲ್ಲಾ?"

"ನನಗೇನ್ ಗೊತ್ತವ್ವ ಅವೆಲ್ಲ" ಎಂದ ಉಚ್ಚೆಂಗಪ್ಪ ನೆಲ ನೋಡುತ್ತ. ಅಳಿಯನಿಗೆ ಕೊಟ್ಟ ಮಾತಿಗೆ ಅವನು ತಪ್ಪಿರಲಿಲ್ಲ. ಬಾಯಿಂದ ಒಂದು ಅಕ್ಷರ ಹೊರಗೆ ಬಂದಿರಲಿಲ್ಲ. ಉಣ್ಣುತ್ತೇನೆ ಎಂದದ್ದೇ ಎಲ್ಲವನ್ನೂ ಹೇಳಿಬಿಟ್ಟಿತ್ತು. ಬೆಳ್ಳುಳ್ಳಿ ಕಪ್ಪಾಗಿ ಸೀದ ವಾಸನೆ ಬಂದಾಗ ಭಾಗ್ಯ ತಿರುಗಿ ಒಲೆ ಆರಿಸಿದಳು. ಕಟ್ಟೆಯ ಅಂಚು ಹಿಡಿದು ನಿಂತಳು.

"ನೀ ಉಣ್ಣಲಾರ್ದಾಗೆಲ್ಲ ನನಗ ಸಿಟ್ಟು ಬರ್ತಿತ್ತಪ್ಪ" ಎಂದಳು ಆ ಕಡೆಯೇ ಮುಖ ಮಾಡಿ. "ಅತ್ತೀನೂ ಎಷ್ಟೋ ಸಲ. ಆದ್ರ ನೀ ಹೋದ ಮ್ಯಾಲ ಒಂದು ಧೈರ್ಯಾನೂ ಬರ್ತಿತ್ತು. ಯಾರು ಬಿಟ್ರೂ ನಮ್ಮಪ್ಪ ಇನ್ನಾ ಕಾಯಾಕತ್ಯಾನ, ಆಗೇ ಆಗತೈತಿ ಅಂತ."

ಅವಳು ಕೇಳಿದ ದಿನ ಉಚ್ಚೆಂಗಪ್ಪ ಉಂಡಿದ್ದರೆ ಅದು ಬರೀ ಅನ್ನವಾಗಿರುತ್ತಿತ್ತು, ಒಬ್ಬಳೇ ಕುಳಿತವಳಿಗೆ ಜೊತೆಯಾಗಿರುತ್ತಿತ್ತು. ಅಂದು ಒಲ್ಲೆನೆಂದು, ಇಂದು ತಾನಾಗಿಯೇ ಕೇಳಿಕೊಂಡು ಬಂದು, ಅವಳ ಆಸೆಯ ಮೇಲೆ ತನ್ನ ಕೈಯಾರೆ ಮಣ್ಣೆಳೆದಿದ್ದ. ಗಡಬಡಿಸಿ ಎದ್ದ.

"ಬಿಡವ್ವ, ನಾ ಉಣ್ಣಂಗಿಲ್ಲ. ಇನ್ನಾ ಕಾಯ್ತೀನಿ. ಡಾಕ್ಟರಿಗೇನ್ ಗೊತ್ತು, ನಾ ಕಾಯ್ತೀನಿ."

"ಇನ್ನ ಕಾದ್ರೇನು ಬಂತಪ್ಪ" ಎಂದಳು ಭಾಗ್ಯ. "ಕುಂದ್ರು. ಕೈ ತೊಳ್ಕೊಂಡು ಕುಂದ್ರು."

ಸೀದ ಒಗ್ಗರಣೆಯನ್ನೇ ಪಪ್ಪಿಗೆ ಸುರಿದಳು. ಬೇರೆ ಹಾಕುವ ತ್ರಾಣ ಅವಳಿಗಿರಲಿಲ್ಲ, ಹಾಕೆನ್ನುವ ಮುಖ ಅವನಿಗಿರಲಿಲ್ಲ. ಬಿಸಿ ಅನ್ನ ಬಡಿಸಿ, ನಡುವೆ ಗುಳಿ ಮಾಡಿ ಪಪ್ಪು ಹಾಕಿ, ಎದುರಿಗೆ ಕುಳಿತಳು. ಅವನು ಕಲಸಿ ಮೊದಲ ತುತ್ತು ಬಾಯಿಗಿಟ್ಟ. ಬೆಳ್ಳುಳ್ಳಿಯ ಕಹಿ ನಾಲಗೆಗೆ ಹತ್ತಿತು. ಅದರ ಅಡಿಯಲ್ಲಿ ಖಾರ, ಹುಳಿ, ಎಳೆ ಮೆಂತ್ಯದ ಘಮ ಎಲ್ಲವೂ ಹದವಾಗಿತ್ತು. ಮಗಳಿಗೆ ಇಷ್ಟು ಚೆನ್ನಾಗಿ ಅಡುಗೆ ಬರುತ್ತದೆಂದು ತನಗೆ ಗೊತ್ತೇ ಇರಲಿಲ್ಲವಲ್ಲ ಎಂದು ನೆನೆದು ಅವನಿಗೆ ಅಳು ಬಂತು. ತುತ್ತು ನುಂಗಿದ.

ಭಾಗ್ಯ ಕಣ್ಣು ಒರೆಸಿಕೊಳ್ಳಲಿಲ್ಲ. ಅವನ ತಟ್ಟೆ ಖಾಲಿಯಾಗುವವರೆಗೆ ಸೌಟು ಹಿಡಿದು ಕುಳಿತಿದ್ದಳು.

"ಇನ್ನೊಂದೀಟು ಹಾಕ್ಲಾ?"

ಹೊಟ್ಟೆ ಯಾವಾಗಲೋ ಬೇಡವೆಂದಿತ್ತು. "ಹಾಕವ್ವ" ಎಂದು ಉಚ್ಚೆಂಗಪ್ಪ ತಟ್ಟೆ ಮುಂದೆ ಸರಿಸಿದ.